ಬೆಳ್ಳಿಯ ನಾಣ್ಯ ಮತ್ತು ಹತ್ತು ಜನರ ಪ್ರಾರ್ಥನೆ



ಕಳೆದ ತಿಂಗಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ನನ್ನನ್ನು ಒಂದು ಸಭೆಗೆ ಕರೆದಿದ್ದರು. ಶಾಲೆಗೆ ಐವತ್ತು ವರ್ಷ ತುಂಬುವ ಸಂದರ್ಭದಲ್ಲಿ ಹತ್ತು ಗ್ರಾಂ ತೂಕದ ಬೆಳ್ಳಿಯ ಸ್ಮರಣಾರ್ಥ ನಾಣ್ಯವನ್ನು ಮಾಡಿಸಬೇಕೆಂಬುದು ಅವರ ಯೋಜನೆ. ಒಂದು ಮುಖದಲ್ಲಿ ಶಾಲೆಯ ಕಟ್ಟಡ. ಮತ್ತೊಂದು ಮುಖದಲ್ಲಿ ಉರಿಯುವ ದೀಪ, ಅದರ ಕೆಳಗೆ 1991ರಲ್ಲಿ ಶಾಲೆಯ ಪ್ರವಾಸದ ದಿನ ಕಾವೇರಿಯ ಪಾಲಾದ ಒಂಬತ್ತನೆಯ ತರಗತಿಯ ಹುಡುಗನ ಹೆಸರು. ನಕ್ಷೆಯನ್ನು ತೆರೆಯ ಮೇಲೆ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. "ಯಾಕೆ ಸಾರ್, ನಿಮಗೆ ಒಪ್ಪಿಗೆಯಾಗಲಿಲ್ಲವೇ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ನನ್ನ ಗಂಟಲು ಕಟ್ಟಿತ್ತು. "ಬರೆದು ತಿಳಿಸುತ್ತೇನಮ್ಮ" ಎಂದು ಎದ್ದು ಬಂದೆ. ಕೊಟ್ಟ ಮಾತಿನಂತೆ ಈಗ ಬರೆಯುತ್ತಿದ್ದೇನೆ. ಬರಹ ಸ್ವಲ್ಪ ಕಟುವಾಗಬಹುದು. ಮೇಷ್ಟರ ಬೈಗುಳ ನಿಮಗೆ ಹೊಸದಲ್ಲ.

ಮೊದಲು, ಈ ಯೋಜನೆ ಹುಟ್ಟಿದ ಬಗೆಯನ್ನು ಹೇಳಬೇಕು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬನಿಗೆ ನೆರೆಮನೆಯ ಯೆಹೂದಿ ವೃದ್ಧರೊಬ್ಬರು ಒಂದು ನಾಣ್ಯವನ್ನು ಕೊಟ್ಟರು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ನಾಣ್ಯವಲ್ಲ, ಪದಕ. ಅದರ ಮೇಲೆ ಬೆಲೆಯೂ ಇಲ್ಲ, ಯಾವ ಸರ್ಕಾರದ ಮುದ್ರೆಯೂ ಇಲ್ಲ. ಒಂದು ಮುಖದಲ್ಲಿ ಮೇಣದ ಬತ್ತಿಯ ಜ್ವಾಲೆ. ಮತ್ತೊಂದರಲ್ಲಿ ಹೀಬ್ರೂ ಅಕ್ಷರಗಳಲ್ಲಿ "ಜಾಖೋರ್" ಎಂಬ ಒಂದೇ ಪದ. "ನೆನಪಿಡು" ಎಂದು ಅದರ ಅರ್ಥ. ಆ ನಗರದ "ಟ್ರೀ ಆಫ್ ಲೈಫ್" ಪ್ರಾರ್ಥನಾ ಮಂದಿರದಲ್ಲಿ 2018ರ ಅಕ್ಟೋಬರ್ 27ರ ಶನಿವಾರ, ಅಂದರೆ ಅವರ ಸಬ್ಬತ್ ದಿನದ ಬೆಳಗ್ಗೆ, ಬಂದೂಕುಧಾರಿಯೊಬ್ಬ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದದ್ದನ್ನು ನೀವು ಓದಿರುತ್ತೀರಿ. ಸತ್ತವರಲ್ಲಿ 97 ವರ್ಷದ ವೃದ್ಧೆಯೂ ಇದ್ದರು.

ಶಿಷ್ಯನು ಆ ಪದಕದ ಛಾಯಾಚಿತ್ರವನ್ನು ಹಳೆಯ ಗೆಳೆಯರಿಗೆ ಕಳುಹಿಸಿದ. ಜೊತೆಗೆ ಒಂದು ಪತ್ರವನ್ನೂ ಬರೆದಿದ್ದ. ಪದಕವನ್ನು ಕೊಡುವಾಗ ವೃದ್ಧರು ಆಡಿದ ಮಾತು ಆ ಪತ್ರದಲ್ಲಿತ್ತು: "ಇದು ಮೇಜಿನ ಖಾನೆಯಲ್ಲಿ ಇರುತ್ತದಪ್ಪ. ನೆನಪು ಇರುವುದು ಬೇರೆ ಕಡೆ. ಆ ದಿನ ಬಂದಾಗ ಮನೆಯಲ್ಲಿ ದೀಪ ಹಚ್ಚುತ್ತೇವೆ, ಹತ್ತು ಜನ ಕೂಡಿ ಪ್ರಾರ್ಥಿಸುತ್ತೇವೆ." ನೀವು ಚಿತ್ರವನ್ನು ಇಟ್ಟುಕೊಂಡಿರಿ, ಪತ್ರವನ್ನು ಬಿಟ್ಟಿರಿ. ನನ್ನ ತಕರಾರು ಇಷ್ಟೇ. ಮುಂದಿನದೆಲ್ಲ ಅದರ ವಿವರಣೆ.

ನಾನು ನಾಣ್ಯದ ವೈರಿಯಲ್ಲ. ಬಿ.ಇಡಿ. ತರಗತಿಯಲ್ಲಿ ಬೋಧನೋಪಕರಣದ ಮಹತ್ವವನ್ನು ಕಲಿತು ಬಂದವನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಚಿತ್ರವಿರುವ ತಾಮ್ರದ ಕಾಸನ್ನು ಪ್ರತಿ ವರ್ಷ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದುದು ನಿಮಗೆ ನೆನಪಿರಬಹುದು. ಆದರೆ ನಾಣ್ಯಗಳೊಂದಿಗೆ ನಲವತ್ತು ವರ್ಷ ಕಳೆದವನಿಗೆ ಒಂದು ಸತ್ಯ ಅರಿವಾಗದೆ ಇರದು. ನಾಣ್ಯವೆಂಬುದು ಬಹುಮಟ್ಟಿಗೆ ಗೆದ್ದವರ ಭಾಷೆ. ಅತ್ತವರ ಭಾಷೆ ಬೇರೆ.

ಯೆಹೂದ್ಯರ ಚರಿತ್ರೆಯನ್ನೇ ನೋಡಿ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮನ್ನು ಮುತ್ತಿ ಅಲ್ಲಿನ ಮಹಾದೇವಾಲಯವನ್ನು ಸುಟ್ಟು ಕೆಡವಿದರು. ದಂಡನಾಯಕ ಟೈಟಸ್, ಚಕ್ರವರ್ತಿ ಅವನ ತಂದೆ ವೆಸ್ಪಾಸಿಯನ್. ಆ ದುರಂತಕ್ಕೂ ಸ್ಮರಣಾರ್ಥ ನಾಣ್ಯ ಬಂತು! ಹೊರಡಿಸಿದವರು ರೋಮನರೇ. ಖರ್ಜೂರದ ಮರದ ಕೆಳಗೆ ತಲೆತಗ್ಗಿಸಿ ಕುಳಿತು ಶೋಕಿಸುವ ಹೆಂಗಸು. ಸುತ್ತ "ಜುಡೇಯಾ ಕಾಪ್ತಾ", ಅಂದರೆ "ಸೆರೆಸಿಕ್ಕ ಜುಡೇಯಾ" ಎಂಬ ಬರಹ. ಚಿನ್ನದಲ್ಲಿ, ಬೆಳ್ಳಿಯಲ್ಲಿ, ಕಂಚಿನಲ್ಲಿ ಅವನ್ನು ಟಂಕಿಸಿ ಸಾಮ್ರಾಜ್ಯದ ತುಂಬ ಹರಡಿದರು. ಒಂದು ಜನಾಂಗದ ಕಣ್ಣೀರು ಇನ್ನೊಬ್ಬರ ಸಂತೆಯ ಚಿಲ್ಲರೆಯಾಯಿತು.

ಅರವತ್ತು ವರ್ಷಗಳ ನಂತರ, ಕ್ರಿ.ಶ. 132ರಲ್ಲಿ, ಬಾರ್ ಕೊಖ್‌ಬಾ ಎಂಬವನ ನಾಯಕತ್ವದಲ್ಲಿ ಯೆಹೂದ್ಯರು ದಂಗೆಯೆದ್ದರು. ಅವರೂ ನಾಣ್ಯ ಹೊರಡಿಸಿದರು. ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳನ್ನೇ ಹಿಡಿದು, ಚಕ್ರವರ್ತಿಯ ಮುಖದ ಮೇಲೆಯೇ ತಮ್ಮ ಅಚ್ಚನ್ನು ಒತ್ತಿದರು. ಕೆಲವು ಬೆಳ್ಳಿಯ ನಾಣ್ಯಗಳ ಮೇಲೆ, ನೆಲಸಮವಾಗಿ ಅರವತ್ತು ವರ್ಷ ಕಳೆದಿದ್ದ ದೇವಾಲಯದ ಮುಂಭಾಗವನ್ನು ಚಿತ್ರಿಸಿದರು. ಸೋತವರು ನಾಣ್ಯದ ಮೂಲಕ ನೆನಪನ್ನು ಉಳಿಸಿಕೊಳ್ಳಲು ಹೊರಟ ಇಂಥ ಉದಾಹರಣೆ ಚರಿತ್ರೆಯಲ್ಲಿ ವಿರಳ. ನನಗೆ ಅದರ ಬಗ್ಗೆ ಅಪಾರ ಗೌರವವಿದೆ. ಆದರೆ 135ರಲ್ಲಿ ದಂಗೆ ಅಡಗಿತು. ಆ ನಾಣ್ಯಗಳು ಇಂದು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿವೆ.

ಹಾಗಾದರೆ ಆ ದೇವಾಲಯದ ನೆನಪನ್ನು ಉಳಿಸಿದ್ದು ಯಾವುದು? ಒಂದು ಉಪವಾಸ. ಅವರ ಪಂಚಾಂಗದ ಆವ್ ಮಾಸದ ಒಂಬತ್ತನೆಯ ದಿನ, ನಮ್ಮ ಲೆಕ್ಕದಲ್ಲಿ ಜುಲೈ-ಆಗಸ್ಟ್ ಸುಮಾರಿಗೆ, ಅವರು ಹನಿ ನೀರನ್ನೂ ಮುಟ್ಟದೆ, ನೆಲದ ಮೇಲೆ ಕುಳಿತು, ಬೈಬಲಿನ ಪ್ರಲಾಪಗಳನ್ನು ಓದುತ್ತಾರೆ. ಮದುವೆಯ ಮಂಟಪದಲ್ಲಿ ವರನು ಗಾಜಿನ ಲೋಟವನ್ನು ಕಾಲಿನಿಂದ ಒಡೆಯುತ್ತಾನೆ. ಇಂಥ ಸಂತೋಷದ ಗಳಿಗೆಯಲ್ಲೂ ಆ ಕೇಡನ್ನು ಮರೆಯಬಾರದೆಂಬುದು ಅದಕ್ಕೆ ಹಿರಿಯರು ಕೊಡುವ ಅರ್ಥ. ನಾಡಿಲ್ಲದೆ, ರಾಜನಿಲ್ಲದೆ, ಟಂಕಸಾಲೆಯಿಲ್ಲದೆ ಹತ್ತೊಂಬತ್ತು ಶತಮಾನಗಳ ಕಾಲ ಆ ನೆನಪು ಸಾಗಿ ಬಂದಿದೆ.

ಇನ್ನು, ಆ ವೃದ್ಧರು ಹೇಳಿದ ಹತ್ತು ಜನರ ವಿಚಾರ. ಯೆಹೂದ್ಯರು ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ "ಕದ್ದಿಶ್" ಎಂದು ಹೆಸರು. ಅದರಲ್ಲಿ ಸಾವು ಎಂಬ ಮಾತೇ ಇಲ್ಲ. ಆದ್ಯಂತ ಭಗವಂತನ ಸ್ತುತಿ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವನು ಹನ್ನೊಂದು ತಿಂಗಳು ಅದನ್ನು ಹೇಳುತ್ತಾನೆ. ಆದರೆ ಒಬ್ಬನೇ ಹೇಳುವಂತಿಲ್ಲ. ಕನಿಷ್ಠ ಹತ್ತು ಜನ ವಯಸ್ಕರು ಕೂಡಿರಬೇಕು. ಸಂಪ್ರದಾಯಸ್ಥರಲ್ಲಿ ಹತ್ತು ಗಂಡಸರು. ಇದರ ವಿವೇಕವನ್ನು ಗಮನಿಸಿ. ದುಃಖಿತನು ಮನೆಯ ಮೂಲೆ ಹಿಡಿದು ಕೂರುವಂತಿಲ್ಲ, ಹತ್ತು ಜನರ ನಡುವೆ ಬರಬೇಕು. ಆ ಹತ್ತು ಜನರಿಗೂ ಬಿಡುಗಡೆಯಿಲ್ಲ. ತಮ್ಮ ಕೆಲಸ ಬಿಟ್ಟು ಅವನಿಗಾಗಿ ಬರಬೇಕು. ವರ್ಷಕ್ಕೊಮ್ಮೆ ಅವರ ಪಂಚಾಂಗದ ಪ್ರಕಾರ ಸತ್ತ ದಿನ ಬಂದಾಗ ಅಹೋರಾತ್ರಿ ಉರಿಯುವ ದೀಪವನ್ನು ಹಚ್ಚುತ್ತಾರೆ. ತಿಥಿ ಹಿಡಿದು ಎಳ್ಳುನೀರು ಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಾಧಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟು ಬರುವುದೂ ಅವರಲ್ಲಿ ರೂಢಿ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರದೊಂದು ಸ್ಮಶಾನವಿದೆ; 1904ರಲ್ಲಿ ನಾಲ್ವಡಿಯವರ ಕಾಲದಲ್ಲಿ ಸಂಸ್ಥಾನದಿಂದ ಬಂದ ನೆಲ ಅದು.

"ನಮಗೂ ಯೆಹೂದ್ಯರಿಗೂ ಏನು ಸಂಬಂಧ ಸಾರ್?" ಎಂದು ಸಭೆಯಲ್ಲಿ ಒಬ್ಬ ಕೇಳಿದ. ಸಂಬಂಧ ಇಲ್ಲಿಂದ ಬರೀ ಹದಿನೈದು ಕಿಲೋಮೀಟರ್ ದೂರದಲ್ಲಿದೆ, ಶ್ರೀರಂಗಪಟ್ಟಣದಲ್ಲಿ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕಂಪನಿಯ ಸೇನೆಯ ಸ್ಯಾಮ್ಯುಯಲ್ ಎಜಕಿಯಲ್ ದಿವೇಕರ್ ಎಂಬ ಅಧಿಕಾರಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನು ಕೊಂಕಣದ ಬೆನೆ ಇಸ್ರಾಯೇಲ್ ಎಂಬ ಯೆಹೂದಿ ಸಮುದಾಯದವನು. ತಾನು ಬನೀ ಇಸ್ರಾಯೇಲ್ ಎಂದು ಅವನು ಹೇಳಿಕೊಂಡಾಗ, ಖುರಾನಿನಲ್ಲಿ ಆ ಹೆಸರನ್ನು ಬಲ್ಲ ಟಿಪ್ಪುವಿನ ತಾಯಿ ಅವನನ್ನು ಉಳಿಸುವಂತೆ ಮಗನಿಗೆ ಹೇಳಿದಳೆಂಬುದು ಆ ಸಮುದಾಯದಲ್ಲಿ ತಲೆಮಾರುಗಳಿಂದ ಬಂದ ಕಥೆ. ಬದುಕಿ ಮುಂಬಯಿಗೆ ಮರಳಿದ ಅವನು 1796ರಲ್ಲಿ ಒಂದು ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದ. "ಶಾರ್ ಹರಹಮೀಮ್" ಎಂದು ಅದರ ಹೆಸರು. ದಯೆಯ ದ್ವಾರ ಎಂದು ಅರ್ಥ. ಮುಂಬಯಿಯ ಮೊದಲ ಯೆಹೂದಿ ಮಂದಿರ ಅದೇ. ಸೆರೆಯಿಂದ ಬಿಡುಗಡೆಗೊಂಡ ಮನುಷ್ಯ ತನ್ನ ನೆನಪಿಗೆ ಏನು ಮಾಡಿದ ನೋಡಿ: ಪದಕ ಹೊಯ್ಯಿಸಲಿಲ್ಲ, ಇತರರು ಬಂದು ಕೂಡುವುದಕ್ಕೆ ಒಂದು ಬಾಗಿಲನ್ನು ಕಟ್ಟಿಸಿದ.

ಪದಕ ಹೊಯ್ಯಿಸಿದವರು ಬೇರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಕಂಪನಿಯವರು ಆ ವಿಜಯದ ಸ್ಮರಣೆಗೆ ಪದಕವೊಂದನ್ನು ಮಾಡಿಸಿದರು. ಬರ್ಮಿಂಗ್‌ಹ್ಯಾಮ್ ಸಮೀಪದ ಸೋಹೋ ಟಂಕಸಾಲೆಯಲ್ಲಿ ಅದು ತಯಾರಾಯಿತು. ಒಂದು ಮುಖದಲ್ಲಿ ಹುಲಿಯನ್ನು ಮೆಟ್ಟಿ ನಿಂತ ಸಿಂಹ. ಮತ್ತೊಂದರಲ್ಲಿ ಕೋಟೆಗೆ ಲಗ್ಗೆಯಿಡುವ ಸೇನೆ. ಹಿರಿಯರಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಆಮೇಲೆ ಕಂಚು, ಕೊನೆಯಲ್ಲಿ ಸಾಮಾನ್ಯ ಸಿಪಾಯಿಗೆ ತವರ. ಇದು ನಮ್ಮ ಊರಿನ "ಜುಡೇಯಾ ಕಾಪ್ತಾ". ಅಂದು ಊರೊಳಗೆ ಸತ್ತ ಮುದುಕರು, ಸೂರೆಯಾದ ಮನೆಗಳು, ಬಿಕ್ಕಿದ ಹೆಂಗಸರು ಅದರ ಯಾವ ಮುಖದಲ್ಲೂ ಇಲ್ಲ.

ಅದೇ ನೆಲದಲ್ಲಿ, ಅದೇ ಕಾಲದ ಇನ್ನೊಂದು ನೆನಪೂ ಇದೆ. ಮೇಲುಕೋಟೆಯ ಕಡೆಯ ಮಂಡಯಂ ಅಯ್ಯಂಗಾರರ ಎಷ್ಟೋ ಮನೆಗಳಲ್ಲಿ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುವಿನ ಆಳ್ವಿಕೆಯಲ್ಲಿ ಆ ದಿನ ತಮ್ಮ ಹಿರಿಯರು ಕೊಲ್ಲಲ್ಪಟ್ಟರೆಂಬುದು ಅವರ ನಂಬಿಕೆ. ಘಟನೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಆ ಜಗಳವನ್ನು ನಾನಿಲ್ಲಿ ಬಗೆಹರಿಸಲಾರೆ. ಯೆಹೂದಿಗೆ ದಯೆಯ ದ್ವಾರವಾದವನೇ ಅಯ್ಯಂಗಾರರ ಮನೆಯಲ್ಲಿ ಕತ್ತಲೆಯಾದ; ಚರಿತ್ರೆ ಪಕ್ಷ ಕಟ್ಟುವವರ ಅನುಕೂಲಕ್ಕೆ ತಕ್ಕಂತೆ ನಡೆದಿಲ್ಲ. ನಾನು ಹೇಳಬಯಸುವುದು ಇಷ್ಟೇ: ನಾಡೆಲ್ಲ ಪಟಾಕಿ ಹಚ್ಚುವಾಗ "ನಮ್ಮ ಮನೆಯಲ್ಲಿ ಯಾಕಮ್ಮ ದೀಪವಿಲ್ಲ?" ಎಂದು ಪ್ರತಿ ತಲೆಮಾರಿನ ಒಂದು ಮಗು ಕೇಳಲೇಬೇಕು, ತಾಯಿ ಉತ್ತರಿಸಲೇಬೇಕು. ನೆನಪು ದಾಟುವುದು ಆ ಪ್ರಶ್ನೆಯ ಮೂಲಕ. ಬೀರುವಿನಲ್ಲಿರುವ ಬೆಳ್ಳಿಯ ಬಿಲ್ಲೆಯನ್ನು ಕಂಡು ಮಗು ಕೇಳುವ ಪ್ರಶ್ನೆ ಒಂದೇ: "ಇದರ ಬೆಲೆ ಎಷ್ಟು?"

ನಿಮ್ಮ ವಾದಗಳನ್ನೂ ನಾನು ಅಲಕ್ಷಿಸುವುದಿಲ್ಲ. "ಸರ್ಕಾರವೇ ಹಾಗೆ ಮಾಡುತ್ತದಲ್ಲ ಸಾರ್, ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷವಾದಾಗ ನಾಣ್ಯ ಬರಲಿಲ್ಲವೇ?" ಎಂದಿರಿ. ಬಂತು. 2019ರ ಏಪ್ರಿಲ್ 13ರಂದು ಅಮೃತಸರದಲ್ಲಿ ಬಿಡುಗಡೆಯಾಯಿತು. ನೂರು ರೂಪಾಯಿಯ ನಾಣ್ಯ. ಆದರೆ ಅದನ್ನು ಕೊಟ್ಟು ದೇವರಾಜ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡವರನ್ನು ನಾನು ಕಂಡಿಲ್ಲ. ಅಂಥ ನಾಣ್ಯಗಳು ಚಲಾವಣೆಗೆ ಬರುವುದಿಲ್ಲ. ಮುಖಬೆಲೆಗಿಂತ ಬಹಳ ಹೆಚ್ಚಿನ ಹಣ ಕೊಟ್ಟು ಸಂಗ್ರಾಹಕರು ಕೊಳ್ಳುತ್ತಾರೆ. ಸ್ಮರಣೆಯೂ ಹಾಗೆಯೇ ಚಲಾವಣೆಯಿಲ್ಲದೆ ಪೆಟ್ಟಿಗೆ ಸೇರಬಾರದೆಂಬುದೇ ನನ್ನ ಭಯ. "ಲೋಹ ಶಾಶ್ವತ ಸಾರ್" ಎಂದಿರಿ. ಲೋಹ ಶಾಶ್ವತ, ನಿಜ. ಅದಕ್ಕೇ ನಾವು ನೆನಪಿನ ಹೊರೆಯನ್ನು ಅದಕ್ಕೆ ಒಪ್ಪಿಸಿ ಹಗುರಾಗಲು ನೋಡುತ್ತೇವೆ. ಹಣ ಕಟ್ಟಿದೆವು, ನಾಣ್ಯ ಬಂತು, ಕರ್ತವ್ಯ ಮುಗಿಯಿತು. ಪ್ರಾರ್ಥನೆಯಲ್ಲಿ ಈ ಅನುಕೂಲವಿಲ್ಲ. ಮುಂದಿನ ವರ್ಷ ಮತ್ತೆ ಬರಬೇಕು.

ಈಗ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಎಲ್ಲಿಯೂ ಬರೆಯದೆ ಉಳಿಸಿದ ಸಂಗತಿಗೆ ಬರುತ್ತೇನೆ.

1991ರ ಜನವರಿಯ ಒಂದು ಶನಿವಾರ. ಕೋಟೆ, ದರಿಯಾ ದೌಲತ್, ಗುಂಬಜ್ ಎಲ್ಲ ನೋಡಿ ಮಧ್ಯಾಹ್ನ ಸಂಗಮದ ಬಳಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಾನು ಕಥೆ ಹೇಳುತ್ತಿದ್ದೆ. ಯಾವ ಕಥೆಯೆಂದರೆ, ಇದೇ ಪದಕದ ಕಥೆ; ಸಿಂಹ ಹುಲಿಯನ್ನು ಮೆಟ್ಟಿದ್ದು. ಕಥೆ ಹೇಳುವ ಹುರುಪಿನಲ್ಲಿ ಎದುರಿಗೆ ಎಷ್ಟು ಮಕ್ಕಳಿದ್ದಾರೆಂದು ಎಣಿಸಲಿಲ್ಲ. ಬಸ್ಸು ಹತ್ತುವಾಗ ಎಣಿಸಿದೆ. ಬೆಳಗ್ಗೆ ನಲವತ್ತಮೂರು, ಸಂಜೆ ನಲವತ್ತೆರಡು. ಮತ್ತೆ ಎಣಿಸಿದೆ. ಮತ್ತೂ ನಲವತ್ತೆರಡು. ಉಳಿದುದನ್ನು ಬರೆಯುವ ಶಕ್ತಿ ನನಗೆ ಇಂದಿಗೂ ಇಲ್ಲ. ಅಂದು ಬಸ್ಸಿನಲ್ಲಿದ್ದವರಿಗೆ ಬರೆದು ತಿಳಿಸಬೇಕಾಗಿಯೂ ಇಲ್ಲ.

ನಾವು ಆಗಲೂ ನಾಣ್ಯದ ದಾರಿಯನ್ನೇ ಹಿಡಿದೆವು. ಆರು ತಿಂಗಳೊಳಗೆ ಅವನ ಹೆಸರಿನಲ್ಲಿ ಒಂದು ಅಮೃತಶಿಲೆಯ ಫಲಕವನ್ನು ಗೋಡೆಗೆ ಕೂರಿಸಿದೆವು. ಭಾಷಣಗಳಾದವು, ನಾನೂ ಮಾತನಾಡಿದೆ. ಅನಂತರ ನಾನು ಅದರ ಮುಂದೆ ದಿನಕ್ಕೆ ನಾಲ್ಕು ಬಾರಿ ನಡೆದು ಹೋದೆ, ನಿಂತದ್ದು ಕಡಿಮೆ. ಫಲಕ ಇದೆಯಲ್ಲ ಎಂಬ ಸಮಾಧಾನ. ಎಷ್ಟೋ ವರ್ಷಗಳ ನಂತರ ಗೋಡೆಯ ದುರಸ್ತಿಗೆಂದು ಅದನ್ನು ಕಿತ್ತರು. ನಾನು ನಿವೃತ್ತನಾಗುವ ವರ್ಷ ಅದನ್ನು ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ, ಹರಿದ ಜಮಖಾನೆಗಳ ಹಿಂದೆ ಕಂಡೆ. ಕಿತ್ತವರನ್ನು ನಾನು ದೂರುವುದಿಲ್ಲ. ಅದು ಅಲ್ಲಿಲ್ಲವೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲವಲ್ಲ!

ಆದರೆ ಒಬ್ಬರು ಮರೆಯಲಿಲ್ಲ. ಆ ಹುಡುಗನ ತಾಯಿ ಪ್ರತಿ ವರ್ಷ ಆ ದಿನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹಂಚಲು ಪೆನ್ಸಿಲುಗಳ ಕಟ್ಟನ್ನು ತರುತ್ತಿದ್ದರು. ಮೊದಮೊದಲು ನಾವು ಎದ್ದು ನಿಂತು ಬರಮಾಡಿಕೊಳ್ಳುತ್ತಿದ್ದೆವು. ಆಮೇಲೆ ಕಟ್ಟನ್ನು ಕಚೇರಿಯಲ್ಲಿ ಕೊಟ್ಟು ಹೋಗಿ ಎಂದೆವು. ಒಂದು ವರ್ಷ ಹೊಸದಾಗಿ ಬಂದ ಕಾವಲಿನವನು "ಯಾರಮ್ಮ ನೀವು, ಯಾರನ್ನು ನೋಡಬೇಕು?" ಎಂದು ಕೇಳಿದ. ಅವರು ಪೆನ್ಸಿಲುಗಳನ್ನು ಅವನ ಕೈಗೇ ಇಟ್ಟು ಹೊರಟುಹೋದರು. ಮರುವರ್ಷದಿಂದ ಬರಲಿಲ್ಲ. ಅವರೊಬ್ಬರೇ ಇಷ್ಟು ವರ್ಷ ಕದ್ದಿಶ್ ಹೇಳುತ್ತಿದ್ದರು. ಹತ್ತು ಜನ ನಾವು ಕೂಡಲಿಲ್ಲ.

ಆದ್ದರಿಂದ ಸಂಘದವರಿಗೆ ನನ್ನ ವಿನಂತಿ ಇದು. ವಿನಂತಿಯೆಂದರೂ ಸರಿ, ಮೇಷ್ಟರ ಅಪ್ಪಣೆಯೆಂದರೂ ಸರಿ. ನಾಣ್ಯ ಮಾಡಿಸಿ, ಶಾಲೆಯ ಕಟ್ಟಡ, ಸಂಸ್ಥಾಪಕರು, ಯಾರನ್ನು ಬೇಕಾದರೂ ಅದರ ಮೇಲೆ ಕೂರಿಸಿ. ಆ ಹುಡುಗನ ಹೆಸರನ್ನು ಮಾತ್ರ ಅದರಿಂದ ತೆಗೆಯಿರಿ. ಅವನ ಹೆಸರಿಗೆಂದು ಎತ್ತಿಟ್ಟ ಬೆಳ್ಳಿಯ ಹಣದಲ್ಲಿ ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈಜು ಕಲಿಸಿ. ತಂದೆಯಾದವನು ಮಗನಿಗೆ ಕಲಿಸಲೇಬೇಕಾದ ಸಂಗತಿಗಳನ್ನು ಪಟ್ಟಿ ಮಾಡುವಾಗ ಯೆಹೂದ್ಯರ ತಾಲ್ಮುದ್ ಗ್ರಂಥವು ಈಜನ್ನೂ ಸೇರಿಸುವವರ ಮತವನ್ನು ದಾಖಲಿಸುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಬರುವ ಜನವರಿಯಲ್ಲಿ ಆ ದಿನ ನಿಮ್ಮಲ್ಲಿ ಹತ್ತು ಜನ ಶಾಲೆಗೆ ಬನ್ನಿ. ಹತ್ತೇ ಸಾಕು, ಭಾಷಣ ಬೇಡ, ಹಾರ ಬೇಡ, ಛಾಯಾಚಿತ್ರ ಬೇಡ. ಮೊದಲು ಅವನ ತಾಯಿಯ ಮನೆಗೆ ಹೋಗೋಣ. ಅವರು ಬರಲೊಪ್ಪಿದರೆ ಕರೆದುಕೊಂಡು ಬರೋಣ; ಒಪ್ಪದಿದ್ದರೆ ಅದೂ ನ್ಯಾಯವೇ. ಆಮೇಲೆ ಒಂಬತ್ತನೆಯ ತರಗತಿಯಲ್ಲಿ ಅವನ ಹೆಸರನ್ನು ಒಂದು ಬಾರಿ ಕರೆಯೋಣ. ಯಾರು ಅವನು ಎಂದು ಮಕ್ಕಳು ಕೇಳುತ್ತಾರೆ. ಆ ದಿನ ಉತ್ತರ ಹೇಳುವ ಕೆಲಸ ನನ್ನದು. ನನ್ನ ನಂತರ ನಿಮ್ಮದು.

ಪೆನ್ಸಿಲುಗಳನ್ನು ನಾನು ತರುತ್ತೇನೆ.

ನಿಮ್ಮ ಮೇಷ್ಟ್ರು,
ಮೈಸೂರು